ಚೈನು ಬಿಚ್ಚಿದ ಮೇಲೆ

ಮಾನ್ಯ ಅಧ್ಯಕ್ಷರೇ, ನಮ್ಮೆಲ್ಲರ ನಾಯಿಗಳ ಡಾಕ್ಟರೂ ಈ ದಿನದ ಮುಖ್ಯ ಅತಿಥಿಗಳೂ ಆದ ಮೇಡಮ್ ಅವರೇ, ನಾಯಿ ಪಾರ್ಕಿನ ಸಮಿತಿಯವರೇ, ಮುಂದಿನ ಸಾಲಿನಲ್ಲಿ ಪ್ಲಾಸ್ಟರ್ ಕಾಲು ಚಾಚಿ ಕೂತಿರುವ ನನ್ನ ಅಮ್ಮನವರೇ, ಮತ್ತು ಸಭಿಕರೇ,

ಈ ವಾರ್ಷಿಕೋತ್ಸವಕ್ಕೆ ನಿಜವಾಗಿ ಕಾರಣರಾದವರು ಯಾರೂ ಸಭೆಯಲ್ಲಿಲ್ಲ. ಹಾಲ್‌ನವರು ಒಳಗೆ ಬಿಡಲಿಲ್ಲ. ಅವರೆಲ್ಲ ಹೊರಗೆ ಕಂಬಿಗೆ ಕಟ್ಟಿಸಿಕೊಂಡು ನಮ್ಮ ಭಾಷಣ ಕೇಳುತ್ತಿದ್ದಾರೆ. ಅವರ ಅಭಿಪ್ರಾಯ ನಡುನಡುವೆ ನಮಗೂ ಕೇಳಿಸುತ್ತಿದೆ.

ಸಮಿತಿಯವರು ನನಗೆ ಕೊಟ್ಟ ವಿಷಯ ‘ನಾಯಿ ಪಾರ್ಕು ಮತ್ತು ಯುವಜನತೆ’. ಯುವಜನತೆ ಅಂದರೆ ಇಲ್ಲಿ ನಾನೊಬ್ಬಳೇ. ಡಿಗ್ರಿ ಫಸ್ಟ್ ಇಯರ್. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ, ಇಂಗ್ಲಿಷಿನಲ್ಲಿ ಬೆಳೆದವಳು. ಕನ್ನಡದಲ್ಲಿ ಮೈಕ್ ಹಿಡಿದದ್ದು ಇದೇ ಮೊದಲು. ಅದಕ್ಕೇ ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ. ಕಾಲೇಜ್ ಹಾಸ್ಟೆಲಿನಲ್ಲಿ ಜಾಗವಿರಲಿಲ್ಲ, ಹಾಗಾಗಿ ಈಗ ಮನೆಯಲ್ಲಿದ್ದೇನೆ. ಮೊನ್ನೆ ಒಂದು ಸೀಟು ಖಾಲಿಯಾಯಿತಂತೆ. ಬೇಕೋ ಬೇಡವೋ ಸೋಮವಾರ ಹೇಳು ಎಂದಿದ್ದಾರೆ ವಾರ್ಡನ್. ಅಮ್ಮನನ್ನು ಕೇಳಿದೆ. “ನಿನ್ನಿಷ್ಟ ಪುಟ್ಟಿ” ಅಂದರು. ಇರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಇದು ಇಲ್ಲಿ ಅಪ್ರಸ್ತುತ. ವಿಷಯಕ್ಕೆ ಬರುತ್ತೇನೆ.

ನಾಯಿ ಪಾರ್ಕು ಎಂದರೇನು? ಬೇಲಿ ಹಾಕಿದ ಒಂದು ಜಾಗ, ಅದಕ್ಕೆ ಎರಡು ಗೇಟು. ಮೊದಲನೆಯದನ್ನು ದಾಟಿ, ಹಿಂದೆ ಚಿಲಕ ಹಾಕಿ, ಚೈನು ಬಿಚ್ಚಿ, ಆಮೇಲೆ ಎರಡನೆಯದನ್ನು ತೆಗೆಯಬೇಕು. ಒಳಗೆ ನಾಯಿಗಳಿಗೆ ಮಾತ್ರ ಹೆಸರು, ಮನುಷ್ಯರಿಗಿಲ್ಲ. ನಮ್ಮ ಅಧ್ಯಕ್ಷರು ಮೇಜರ್ ತಾತ. ಮಿಲಿಟರಿಯವರಲ್ಲ, ತೆರಿಗೆ ಆಫೀಸಿನಲ್ಲಿದ್ದವರು. ಮೇಜರ್ ಅನ್ನುವುದು ಅವರ ನಾಯಿಯ ಹೆಸರು. ನಾನು ಗೊತ್ತಿಲ್ಲದೆ ಮೊದಲ ವಾರವೆಲ್ಲ ಅವರಿಗೆ ಸೆಲ್ಯೂಟ್ ಹೊಡೆದೆ, ಅವರೂ ಬೇಡ ಅನ್ನಲಿಲ್ಲ.

ನಮ್ಮ ನಾಯಿ ಬಟಾಣಿ, ಅಮ್ಮ ಇಲ್ಲಿ ಬಟಾಣಿಯ ಅಮ್ಮ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವರ ಕೆಲಸ. ಊರಿನವರ ಮೂಳೆಯನ್ನೆಲ್ಲ ನೋಡಿದವರು ಮೆಟ್ಟಿಲಲ್ಲಿ ಜಾರಿ ಕೊನೆಗೆ ತಮ್ಮದನ್ನೂ ನೋಡಿಕೊಂಡರು. ಹಾಗಾಗಿ ಬಟಾಣಿಯನ್ನು ಪಾರ್ಕಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಯಾರೋ ಕೇಳಿದರು, “ಅರೆ, ಬಟಾಣಿಗೆ ಅಕ್ಕ ಬೇರೆ ಇದ್ದಾಳಾ? ಗೊತ್ತೇ ಇರಲಿಲ್ವಲ್ಲ.” ತಪ್ಪು ಅವರದಲ್ಲ. ಅವನು ಬಂದಾಗ ನಾನು ಮನೆಯಲ್ಲಿರಲಿಲ್ಲ. ಅವನ ಹಾಸಿಗೆ ನನ್ನ ಕೋಣೆಯಲ್ಲಿದೆ. ಅಥವಾ ನನ್ನ ಹಾಸಿಗೆ ಅವನ ಕೋಣೆಯಲ್ಲಿದೆ. ಈ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಆ ದಿನ ಚೈನು ಬಿಚ್ಚಿದೆ, ಬಟಾಣಿ ಓಡಿದ. ಹೊರಡುವ ಹೊತ್ತಿಗೆ ಕರೆದೆ, ಬರಲಿಲ್ಲ. ಬಿಸ್ಕೆಟ್ ತೋರಿಸಿದೆ, ದೂರದಿಂದಲೇ ನೋಡಿ ಬಾಲ ಅಲ್ಲಾಡಿಸಿದ. ಬೆನ್ನಟ್ಟಿದೆ. ಅವನಿಗೆ ಅದು ಇನ್ನೂ ಒಳ್ಳೆಯ ಆಟವಾಯಿತು. ಒಬ್ಬೊಬ್ಬರೇ ಮನೆಗೆ ಹೊರಟರು. ಉಳಿದವರು ಬೆಂಚಿನ ಮೇಲಿದ್ದ ಮೇಜರ್ ತಾತ ಒಬ್ಬರೇ. ನಾನು ಅವರ ಮುಂದೆ ಏದುಸಿರು ಬಿಡುತ್ತಾ ನಾಲ್ಕನೇ ಸಲವೋ ಐದನೇ ಸಲವೋ ಹಾದುಹೋದಾಗ ಅವರು ಕೇಳಿದರು, “ಏನಮ್ಮಾ, ನಾಯಿನ ನೀನು ಸುತ್ತಾಡಿಸ್ತಿದೀಯೋ, ನಾಯಿ ನಿನ್ನನ್ನ ಸುತ್ತಾಡಿಸ್ತಿದೆಯೋ?”

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಹೇಳಿದ್ದನ್ನು ಇವತ್ತಿನ ಸಂದೇಶವೆಂದೇ ತಾವು ಭಾವಿಸಬಹುದು. “ನೀನು ಕರೆಯೋದು ಮನೆಗೆ ಹೊರಡೋವಾಗ ಮಾತ್ರ. ಕರೆದ್ರು ಅಂದ್ರೆ ಆಟ ಮುಗೀತು ಅಂತ ಅವನಿಗೆ ಗೊತ್ತು. ಅದಕ್ಕೇ ದೂರ ನಿಂತು ನಿನ್ನ ಕೈ ನೋಡ್ತಾನೆ, ಚೈನು ಇದೆಯಾ ಅಂತ. ಮಧ್ಯೆ ಮಧ್ಯೆ ಸುಮ್ನೆ ಕರಿ. ಬಂದ್ರೆ ತಲೆ ಸವರು, ಹೋಗು ಅನ್ನು. ಅಷ್ಟೇ.”

ಸಭಿಕರೇ, ಇದು ಬರೀ ನಾಯಿಗಳ ಮಾತೇ? ನಮ್ಮ ಸ್ಕೂಲ್ ಹಾಸ್ಟೆಲಿನಲ್ಲಿ ಒಂದು ಮೈಕ್ ಇತ್ತು. ಮನೆಯಿಂದ ಫೋನ್ ಬಂದರೆ ಅದರಲ್ಲಿ ಹೆಸರು ಕೂಗುತ್ತಿದ್ದರು. ನನ್ನ ಹೆಸರು ಬರುತ್ತಿದ್ದದ್ದು ಅಪರೂಪ. ಒಮ್ಮೆ ಬಂತು, ಅಪ್ಪ ಬೇರೆ ಮನೆ ಮಾಡಿದ್ದಾರೆ ಎಂದು ತಿಳಿಸಲು. ಒಮ್ಮೆ ಬಂತು, ಅಜ್ಜಿ ಹೋದರು ಎಂದು. ಮತ್ತೊಮ್ಮೆ ಬಂತು, ನೈಟ್ ಡ್ಯೂಟಿ ಬಿದ್ದಿದೆ, ಈ ರಜೆಗೆ ಅಲ್ಲೇ ಇರು ಎಂದು. ನಾನು ದೂರುತ್ತಿಲ್ಲ. ಅಮ್ಮನಿಗೆ ಕೈತುಂಬ ಕೆಲಸ. ಕಾರಣವಿಲ್ಲದೆ ಫೋನ್ ಮಾಡಲು ಪುರುಸೊತ್ತು ಎಲ್ಲಿತ್ತು? ಆದರೆ ಇವತ್ತಿಗೂ ಯಾರಾದರೂ ನನ್ನ ಹೆಸರು ಕರೆದರೆ ಏನು ಕೆಟ್ಟ ಸುದ್ದಿಯೋ ಎಂದು ಮೊದಲು ಯೋಚಿಸುತ್ತೇನೆ, ಆಮೇಲೆ ಓಗೊಡುತ್ತೇನೆ. ಮನೆಯಲ್ಲಿ ಅಮ್ಮ ಕರೆದರೆ ಕೇಳಿಸದವಳ ಹಾಗೆ ಕೂತಿರುತ್ತೇನೆ. “ಕಿವಿ ಹಾಸ್ಟೆಲಲ್ಲೇ ಬಿಟ್ಟು ಬಂದ್ಯಾ?” ಅನ್ನುತ್ತಾರೆ. ಇದನ್ನು ಹಾಳೆಯಲ್ಲಿ ಬರೆದುಕೊಂಡು ಬಂದಿರಲಿಲ್ಲ. ಕ್ಷಮಿಸಬೇಕು.

ಮಾರನೆಯ ದಿನದಿಂದ ಬಟಾಣಿಯನ್ನು ಸುಮ್ಮಸುಮ್ಮನೆ ಕರೆಯತೊಡಗಿದೆ. ಮೊದಲು ಅರ್ಧ ದಾರಿ ಬಂದ, ಕೈ ನೋಡಿದ, ವಾಪಸ್ ಹೋದ. ಆಮೇಲೊಂದು ದಿನ ಪೂರ್ತಿ ಬಂದು ನನ್ನ ಮೊಣಕಾಲಿಗೆ ತಲೆ ಒತ್ತಿದ. ಹೋಗು ಅಂದೆ. ನನ್ನನ್ನು ಒಂದು ಥರಾ ನೋಡಿದ, ನಂಬಿಕೆ ಬಾರದವನ ಹಾಗೆ. ಆ ದಿನ ಹೊರಡುವಾಗ ಒಂದೇ ಕರೆಗೆ ಬಂದ.

ಊಟ ಮಾಡುತ್ತಾ ಇದರ ವರದಿಯನ್ನು ಅಮ್ಮನಿಗೆ ಒಪ್ಪಿಸಿದೆ. ನಾಯಿಯ ಕಥೆ ಮಾತ್ರ, ಮೈಕಿನದ್ದಲ್ಲ. ಅಮ್ಮ ತಟ್ಟೆಯನ್ನು ದಿಟ್ಟಿಸಿದರು. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದಾಗಲೂ ಹೀಗೇ ನೋಡುತ್ತಾರೆ, ಬಿರುಕು ಎಲ್ಲಿದೆ ಎಂದು. ಆಮೇಲೆ ಕೇಳಿದರು, “ಸುಮ್ನೆ ಅಂದ್ರೆ, ಏನೂ ಕೆಲಸ ಇಲ್ದೇನಾ?” ಹೌದು ಅಂದೆ.

ನಿನ್ನೆ ಸಂಜೆ ನನ್ನ ಕೋಣೆಯಲ್ಲಿ, ಅಂದರೆ ಬಟಾಣಿಯ ಕೋಣೆಯಲ್ಲಿ, ಈ ಭಾಷಣ ಬರೆಯುತ್ತಿದ್ದೆ. ಅಡುಗೆಮನೆಯಿಂದ ಅಮ್ಮ “ಪುಟ್ಟೀ” ಅಂದರು. ಸೀಟಿನ ವಿಷಯವೇ ಇರಬೇಕು ಅಂದುಕೊಂಡೆ. ವಾರ್ಡನ್ ಫೋನ್ ಮಾಡಿರಬೇಕು, ಆಯಿತು, ಮುಗಿಯಿತು ಅಂದುಕೊಂಡೆ. ಹೋಗಿ ಬಾಗಿಲಲ್ಲಿ ನಿಂತು ಮೊದಲು ಅಮ್ಮನ ಕೈ ನೋಡಿದೆ. ಒದ್ದೆಯಾಗಿತ್ತು. ಫೋನ್ ಇರಲಿಲ್ಲ, ಏನೂ ಇರಲಿಲ್ಲ.

“ಏನಮ್ಮಾ?”

“ಏನಿಲ್ಲ, ಸುಮ್ನೆ ಕರೆದೆ.” ಒಂಟಿಕಾಲಲ್ಲಿ ನಿಂತಿದ್ದವರು ಒದ್ದೆ ಕೈಯನ್ನು ಒರೆಸಿಕೊಳ್ಳದೆ ನನ್ನ ತಲೆಯ ಮೇಲಿಟ್ಟರು. “ಹೋಗು, ಬರ್ಕೋ ಹೋಗು.”

ಸ್ವಲ್ಪ ಹೊತ್ತಿಗೆ ಮತ್ತೆ ಕರೆದರು. ಆಗಲೂ ಏನೂ ಇರಲಿಲ್ಲ. ಅಷ್ಟರಲ್ಲಿ ಕೂದಲು ಅರ್ಧ ನೆನೆದಿತ್ತು.

ಸಮಯ ಮೀರಿದೆ ಎಂದು ಅಧ್ಯಕ್ಷರು ವಾಚು ಮುಟ್ಟಿ ಸೂಚಿಸುತ್ತಿದ್ದಾರೆ. ಕೊನೆಯ ಮಾತು. ಸೋಮವಾರ ವಾರ್ಡನ್‌ಗೆ ಫೋನ್ ಮಾಡಿ ಸೀಟು ಬೇಡ ಎಂದು ಹೇಳಲಿದ್ದೇನೆ. ಅಮ್ಮನಿಗೆ ಇದನ್ನಿನ್ನೂ ಹೇಳಿಲ್ಲ. ಅವರು ಮುಂದಿನ ಸಾಲಿನಲ್ಲೇ ಕೂತಿರುವುದರಿಂದ ಬೇರೆಯಾಗಿ ಹೇಳುವ ಅಗತ್ಯ ಕಾಣುವುದಿಲ್ಲ.

ಹೊರಗೆ ಈಗ ಬೊಗಳುತ್ತಿರುವುದು ನಮ್ಮವನೇ. ಅವನ ಪರವಾಗಿಯೂ ನನ್ನ ಪರವಾಗಿಯೂ ತಮ್ಮೆಲ್ಲರ ತಾಳ್ಮೆಗೆ ವಂದನೆಗಳು. ನಮಸ್ಕಾರ.