ಬೀಗರ ಊಟಕ್ಕೆ ಏಡಿ

ಜಪಾನಿನ ಕೋಬೆಯ ಸೂಪರ್‌ಮಾರ್ಕೆಟ್ಟಿನ ಬಿಲ್ಲಿಂಗ್ ಸಾಲಿನಲ್ಲಿ, ಮಾಸ್ಕ್ ಹಾಕಿಕೊಂಡು ನೆಲದ ಗುರುತಿನ ಮೇಲೆ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ಇಂಚರಾಳ ಕಿವಿಗೆ ಅಚ್ಚ ಮೈಸೂರು ಕನ್ನಡ ಬಿತ್ತು. ಇಲ್ಲಿ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯದಲ್ಲಿ ಮುಂದಿದ್ದ ಗಂಡಹೆಂಡತಿ ದನಿಯನ್ನೇ ತಗ್ಗಿಸಿರಲಿಲ್ಲ.

“ಏನೇ ವಿನುತಾ, ಏಡಿ ತಗೋ ಅಂದ್ರೆ ಈ ಏಡಿ ಸ್ಟಿಕ್ ಹಾಕಿದ್ದೀಯ?”

“ಮೇಲೆ ಏಡಿ ಚಿತ್ರ ಇದೆಯಲ್ಲ.”

“ಚಿತ್ರ ಮಾತ್ರ ಇರೋದು! ಒಳಗೆ ಅರೆದ ಮೀನು, ಕೆಂಪು ಬಣ್ಣ. ಇದ್ರಲ್ಲಿ ಸಾರು ಮಾಡಕ್ಕಾಗುತ್ತಾ?”

“ನಿಜವಾದ ಏಡಿ ರೇಟ್ ನೋಡಿ ವಾಪಸ್ ಇಟ್ಟೋರು ನೀವೇ ತಾನೆ?”

“ನಾಳೆ ನಿನ್ನ ತಂಗಿ ಮದುವೆ ಬೀಗರ ಊಟ ಕಣೇ. ಅಲ್ಲಿ ಅವರು ಏಡಿ ಸಾರು ಸುರೀತಿರ್ತಾರೆ, ನಾವು ಲ್ಯಾಪ್‌ಟಾಪ್ ಮುಂದೆ ಕೂತು ಇದನ್ನ ಅಗೀಬೇಕಾ?”

“ಫೆಬ್ರವರೀಲೇ ಊರಿಗೆ ಹೋಗ್ಬಿಡೋಣ ಅಂದೆ. ಕೇಳಿದ್ರಾ?”

“ರಜಾ ಕೇಳಿದ್ರೆ ನಮ್ಮ ಬಾಸ್ ಮೊರಿತಾ ಸಾನ್ ಬೇಜಾರು ಮಾಡ್ಕೋತಿದ್ರು.”

“ಹೂಂ, ಅವರಿಗೆ ಬೇಜಾರಾಗಲಿಲ್ಲ. ಕೊರೋನಾ ಬಂದು ವಿಮಾನ ನಿಂತುಹೋಯ್ತು.”

“ಮತ್ತೆ ಅದೇ ರಾಗ ತೆಗೀಬೇಡ. ಹೋಗಿ ಬಂಗುಡೆನಾದ್ರೂ ತಗೊಂಡು ಬಾ.”

“ಅದು ನಾರ್ವೆದು, ಲೇಬಲ್ ಓದಿ. ಸತ್ತ ಮೀನು ಅಲ್ಲಿಂದ ಇಲ್ಲಿಗೆ ಬರುತ್ತೆ, ಬದುಕಿರೋ ನಾನು ಮೈಸೂರಿಗೆ ಹೋಗೋ ಹಾಗಿಲ್ಲ.”

“ಮೆತ್ತಗೆ. ಜನ ನೋಡ್ತಿದ್ದಾರೆ.”

“ನೋಡ್ಲಿ. ನಾಳೆ ಸ್ಕ್ರೀನಲ್ಲಿ ನಮ್ಮಮ್ಮನಿಗೆ ಕೈ ಬೀಸಿದ್ರೆ ಮದುವೆಗೆ ಹೋದ ಹಾಗೆ ಅಂದ್ರಲ್ಲ? ಹಾಗಾದ್ರೆ ಇದೂ ಏಡೀನೇ ಕಣ್ರೀ. ಚಪ್ಪರಿಸ್ಕೊಂಡು ತಿನ್ನಿ.”

ಕೌಂಟರಿನವಳು ಬಗ್ಗಿ ಕರೆದಳು. ಗಂಡ ಆ ಪೊಟ್ಟಣವನ್ನು ತಾನೇ ಎತ್ತಿ ಅವಳ ಮುಂದಿಟ್ಟ. ಇಬ್ಬರೂ ಬಾಗಿಲು ದಾಟಿದ ಮೇಲೆ ಇಂಚರಾ ಒಂದು ಗುರುತು ಮುಂದೆ ಸರಿದಳು.