ಬುತ್ತಿಡಬ್ಬಿಯೊಳಗಿನ ಎತ್ತು

ಸವಣೂರಿನಿಂದ ಬಂಕಾಪುರಕ್ಕೆ ಹೊರಟ ಬಸ್ಸಿನಲ್ಲಿ ತನುಜಾಳಿಗೆ ಮುಂದಿನ ಸೀಟಿನ ಬುತ್ತಿಡಬ್ಬಿಯದೇ ಚಿಂತೆ. ಚನ್ನೇಶ ಎಂಬಾತ ಅದರ ಮುಚ್ಚಳ ತೆಗೆದು ಪಕ್ಕದ ತನ್ವೀರನಿಗೆ ತೋರಿಸುತ್ತಿದ್ದ. ಒಳಗೆ ಕುಂಕುಮ ಹಚ್ಚಿದ ಮಣ್ಣಿನ ಎತ್ತು!

"ಅಣ್ಣಾ, ಪೈಪ್ ಹಾಕಾಕ ನಾವು ಇಳಿಯೂ ತಗ್ಗಿನ ಮಣ್ಣು ತಾ, ಗಟ್ಟಿ ಐತೋ ಸಡ್ಲ ಐತೋ ನೋಡೂಣು ಅಂದ್ರ ಎತ್ತು ತಂದೀಯಲ್ಲ?"

"ಅದ ಮಣ್ಣೋ ತಮ್ಮಾ. ನಿನ್ನೆ ಮಣ್ಣೆತ್ತಿನ ಅಮಾಸಿ. ಕಟ್ಟಿ ಮ್ಯಾಲ ಇಟ್ಟಿದ್ದೆ, ಅವ್ವ ಎತ್ತು ಮಾಡಿ ಪೂಜಿ ಮಾಡಿಬಿಟ್ಲು."

"ಇನ್ನ ಮಣ್ಣಿನ ಪರೀಕ್ಷೆ ಹೆಂಗ?"

"ಕೋಡು ನೋಡು, ಕಡ್ಡಿಯಷ್ಟು ಸಣ್ಣ ಅದಾವ, ಒಂದೂ ಮುರದಿಲ್ಲ. ಗಟ್ಟಿ ಮಣ್ಣು! ತಗ್ಗಿನ ಗ್ವಾಡಿ ಕುಸೀದಂಗ ಹಲಗಿ ಆನಿಸೂದು ಬ್ಯಾಡ, ಸೀದಾ ಒಳಗ ಇಳಿ."

ಬಸ್ಸು ಕುಲುಕಿದಾಗಲೆಲ್ಲ ತನುಜಾ ಕೋಡುಗಳನ್ನೇ ನೋಡುತ್ತಿದ್ದಳು.

"ಎತ್ತನ್ನ ನಿಮ್ಮವ್ವ ನೀರು ಹಾಕಿ ನಾದ್ಯಾಳ. ಆಳೆತ್ತರದ ತಗ್ಗಿನ ಗ್ವಾಡಿ ಯಾರು ನಾದ್ಯಾರ? ಅದು ಹಿಂದ ಅಗದು ಮುಚ್ಚಿದ ಜಾಗಾ. ಕುಸಿದ್ರ ಒಳಗ ನಾ ಇರ್ತೇನಿ."

"ಪೂಜಿ ಮಾಡಿದ ಎತ್ತಿನ ಮ್ಯಾಲೂ ನಂಬಿಕಿ ಇಲ್ಲೇನ?"

"ನಿನಗ ಐತೆಲ್ಲ, ನೀನ ಇಳಿ."

ಚನ್ನೇಶ ಎತ್ತಿನ ಮುಖವನ್ನೊಮ್ಮೆ ನೋಡಿದ.

"ನನಗ ಸೊಂಟನೋವು."

ಬಂಕಾಪುರ ಬಂತು. ಚನ್ನೇಶ ಏಳುವ ಮೊದಲು ಕರವಸ್ತ್ರ ತೆಗೆದು, ಎತ್ತು ಅಲುಗದ ಹಾಗೆ ಅದರ ಎರಡೂ ಮಗ್ಗುಲಿಗೆ ಜೋಪಾನವಾಗಿ ತುರುಕಿದ.

"ಅಣ್ಣಾ, ಎತ್ತಿಗೆ ಎರಡೂ ಕಡೆ ಆಧಾರ ಕೊಟ್ಟಿ. ನನಗ?"

"ಆತು ನಡಿಯಪ್ಪಾ," ಎನ್ನುತ್ತಾ ಚನ್ನೇಶ ಮೆಟ್ಟಿಲಿಳಿದ, "ಮೊದಲ ಹಲಗಿ ತರೂಣು."