ಭೋರ್ ಶಾಖೆಯ ಕೀಲಿ

ಪುಣೆಯ ಕಾತ್ರಜದಲ್ಲಿ ಬಸ್ಸಿಗೆ ಕಾಯುತ್ತಿದ್ದ ರಂಗೂಬಾಯಿಗೆ ಪಕ್ಕದ ಅಕ್ಕ-ತಮ್ಮಂದಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಕಾಲೇಜಿನ್ಯಾಗ ಕನ್ನಡ ಬಳಗ ಸೇರಿದ್ದ ತಪ್ಪಾತು, ಅಕ್ಕಾ. ಈಗ ಬಳಗದ ಆರೂ ಶಾಖೆಗೆ ನಾನ ಮಾರ್ಗದರ್ಶಕ. ಭೋರಿನ ಹುಡುಗರು ಬ್ಯಾನರ್ ಕಟ್ಟಾಕೂ ನನ್ನ ತಲಿ ತಿಂತಾರ.”

“ನಿನಗ ಯಾರು ಕಲಿಸಿದ್ರು, ಕೇದಾರ?”

“ಯಾರೂ ಇಲ್ಲ. ಮೊದಲನೇ ವರ್ಷನ ಬಳಗದ ಕಪಾಟಿನ ಕೀಲಿ ನನ್ನ ಕೈಯಾಗಿಟ್ಟು ಸೀನಿಯರ್‌ಗಳು ಹೋಗಿಬಿಟ್ರು. ತಪ್ಪು ಮಾಡಿ ಮಾಡಿ ಕಲತೆ.”

“ಭೋರಿನ ಕಪಾಟಿನ ಕೀಲಿ ಯಾರ ಹತ್ರ ಅದ?”

ಕೇದಾರ ಜೇಬು ಮುಟ್ಟಿಕೊಂಡ. “ಆರೂ ನನ್ನ ಹತ್ರನ ಅವ. ಹುಡುಗರು ಕಳದ್ರ ಏನ್ ಮಾಡ್ಲಿ?”

“ಕಳೀಲಿ ಬಿಡೋ! ಇವತ್ತ ಕೊಟ್ಟು ಬಾ.”

ಭೋರ್ ಬಸ್ಸು ಬಂತು. ಅವನು ಹತ್ತುವಷ್ಟರಲ್ಲಿ ಫೋನು ಬಂತು.

“ಬಂದೆ, ಬಂದೆ. ನಾ ಬರೂತನಕ ಯಾರೂ ಏನೂ ಮುಟ್ಟಬ್ಯಾಡ್ರೋ!”